ಸಾಲದ ಕಾಗದದ ಮೇಲೆ ಯಾರ್ಯಾರ ಸಹಿ?

ಇವತ್ತಿನ ಸಂಚಿಕೆ ಮುಗದದಿಂದ ಶುರು ಮಾಡೋಣ. ಧಾರವಾಡದಿಂದ ಅಳ್ನಾವರ ಕಡೆ ಹೋಗೋ ರೈಲಿನಲ್ಲಿ ಕ್ಯಾರಕೊಪ್ಪ ದಾಟಿದ ಮೇಲೆ ಬರೋ ಸಣ್ಣ ಸ್ಟೇಶನ್. ಕೆರೆ, ಭತ್ತದ ಗದ್ದೆ, ಭತ್ತದ ಸಂಶೋಧನಾ ಕೇಂದ್ರ, ಮತ್ತೆ ಕುಂಬಾರರು. ಧಾರವಾಡದ ಸಂತೆಯಲ್ಲಿ ನಿಮ್ಮ ಅವ್ವ ಗಡಿಗೆ ಕೊಂಡಿದ್ರೆ ಮುಗದದ ಹೆಸರು ಕೇಳಿರ್ತಾರೆ.

ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡ್ತೀವಲ್ಲ? ಟಣ್ ಅಂದ್ರೆ ಸರಿ, ಬೊದ್ದು ಸಪ್ಪಳ ಬಂದ್ರೆ ವಾಪಸ್. ಆವಿಗೆಯಲ್ಲಿ ಒಡೆದದ್ದರ ನಷ್ಟ ಕುಂಬಾರನದು, ಕೊಳ್ಳೋರದ್ದಲ್ಲ. ಈಗ ಅದೇ ಕುಂಬಾರನ ಮಗಳು ಸಾಲ ಮಾಡಿ ಎಂಜಿನಿಯರಿಂಗ್ ಸೇರಿದಳು ಅಂತ ಇಟ್ಕೊಳ್ರಿ. ನಾಲ್ಕು ವರ್ಷ ಮುಗೀತು, ಕೆಲಸ ಸಿಗಲಿಲ್ಲ. ನಷ್ಟ ಯಾರದು? ಕಾಲೇಜಿನದಂತೂ ಅಲ್ಲ, ಫೀ ಆಗಲೇ ಜಮಾ ಆಗಿದೆ. ಮಕ್ಕಳು ಗಡಿಗೆ ಅಲ್ಲ, ಗೊತ್ತು. ಓದದೇ ಕೂತವರಿಗೆ ಮಾಸ್ತರು ಏನು ಮಾಡಬೇಕು ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆನೇ. ಆದ್ರೆ ಇದೇ ಧಾರವಾಡದಲ್ಲಿ ನೂರು ವರ್ಷದ ಹಿಂದೆ ಈ ಲೆಕ್ಕ ಬೇರೆ ಥರ ಇತ್ತು.

ಮುಗದದ ಮೇಲೆ ಹಾದುಹೋಗೋ ಈ ರೈಲು ದಾರಿ ಸದರ್ನ್ ಮರಾಠಾ ರೈಲ್ವೆಯದು. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲೇ ಇತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆ ಜೊತೆ ಒಂದಾಗಿ, ಮುಖ್ಯ ಕಚೇರಿ ಮದ್ರಾಸಿಗೆ ಹೋಯ್ತು. ರೈಲ್ವೆಗೆ ಅಂತ ಕಟ್ಟಿಸಿದ ಆ ದೊಡ್ಡ ಕಟ್ಟಡವೇ ಇವತ್ತಿನ ಕರ್ನಾಟಕ ಕಾಲೇಜು. ಕಾಲೇಜು ಶುರುವಾದದ್ದು 1917ರಲ್ಲಿ. ಅಲ್ಲಿಯವರೆಗೆ ಈ ಭಾಗದ ಹುಡುಗರು ಬಿ.ಎ. ಓದಬೇಕಂದ್ರೆ ಪುಣೆ ಅಥವಾ ಮುಂಬೈಗೆ ಹೋಗಬೇಕಿತ್ತು. ಸರ್ಕಾರ ತಾನೊಂದೇ ಖರ್ಚು ಹೊರೋಕೆ ತಯಾರಿರಲಿಲ್ಲ, ಜನರೂ ಹಣ ಕೊಡಬೇಕಾಯ್ತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮುಂದೆ ನಿಂತು ಹಣ ಕೂಡಿಸಿದ್ರು. ಅದರ ಹಿಂದಿನ ವರ್ಷ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ್ರು. ಜನ ಅವರನ್ನ ಸಪ್ತರ್ಷಿಗಳು ಅಂತ ಕರೀತಾರೆ. ಅಂದ್ರೆ ಮೊದಲು ಕೈಚಾಚಿದವರು ಕಾಲೇಜು ಕಟ್ಟಿದವರು. ವಿದ್ಯಾರ್ಥಿ ಆಮೇಲೆ ಬಂದ.

ಅವನ ಊಟ? ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಹಳ್ಳಿ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದ್ರು. ಸಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟಿದ್ರು. ವಾರಾನ್ನದ ಮನೆಯಲ್ಲಿ ಸಹಿ ಇಲ್ಲ, ಬಡ್ಡಿ ಇಲ್ಲ. ಹುಡುಗ ಫೇಲಾದ್ರೆ ನಷ್ಟ ಅನ್ನ ಹಾಕಿದವರದು. ಪಾಸಾದ್ರೆ ಮುಂದಿನ ಹುಡುಗನಿಗೆ ಅವನು ಅನ್ನ ಹಾಕಬೇಕು. ಅದನ್ನ ಯಾರೂ ಸಾಲ ಅಂತಿರಲಿಲ್ಲ, ಋಣ ಅಂತಿದ್ರು.

ಇಲ್ಲಿಗೇ ನಿಲ್ಲಿಸಿದ್ರೆ ಕಥೆ ಭಾಳ ಚಂದ. ಆದ್ರೆ ಯಾರ ಮನೆ ಬಾಗಿಲು ಯಾರಿಗೆ ತೆರೀತಿತ್ತು? ಹೆಚ್ಚಿನ ಅನ್ನ, ಹೆಚ್ಚಿನ ದತ್ತಿ, ತಮ್ಮ ತಮ್ಮ ಜಾತಿಯ ಹುಡುಗರಿಗೆ. ಹುಡುಗಿಯರ ಮಾತಂತೂ ಬಿಡ್ರಿ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ಸೇರಿಸಲಿಲ್ಲ. ಮುಂಬೈ ಸರ್ಕಾರದವರೆಗೆ ದೂರು ಹೋಯ್ತು. ತಾತ್ವಿಕವಾಗಿ ನ್ಯಾಯ ಹುಡುಗನ ಕಡೆಗಿದೆ, ಆದ್ರೆ ಇವನೊಬ್ಬನಿಗಾಗಿ ಉಳಿದವರು ಶಾಲೆ ಬಿಡೋ ಹಾಗೆ ಮಾಡೋಕಾಗಲ್ಲ ಅನ್ನೋದು ಸರ್ಕಾರದ ನಿಲುವು. ಸರ್ಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕು ಅನ್ನೋ ತೀರ್ಮಾನ ಆಮೇಲೆ ಲಂಡನ್ನಿನಿಂದ ಬಂತು. ಬಂದರೂ ಊರು ಬದಲಾಗೋದು ಅಷ್ಟು ಸುಲಭ ಇರಲಿಲ್ಲ. ಎಪ್ಪತ್ತು ವರ್ಷದ ಮೇಲೂ, 1929ರ ಹೊತ್ತಿಗೆ, ದಲಿತ ಹುಡುಗರಿಗಾಗಿ ಅಂಬೇಡ್ಕರ್ ಅವರೇ ಧಾರವಾಡದಲ್ಲಿ ಪ್ರತ್ಯೇಕ ಹಾಸ್ಟೆಲ್ ಮಾಡಿಸಬೇಕಾಯ್ತು.

ಅಂಬೇಡ್ಕರ್ ಸ್ವತಃ ಓದಿಗಾಗಿ ಕರಾರಿಗೆ ಸಹಿ ಹಾಕಿದವರು. 1913ರಲ್ಲಿ ಬರೋಡಾ ಸಂಸ್ಥಾನ ಅಮೆರಿಕಕ್ಕೆ ಕಳಿಸ್ತು. ಷರತ್ತು ಏನಂದ್ರೆ, ವಾಪಸ್ ಬಂದು 10 ವರ್ಷ ಸಂಸ್ಥಾನದ ಸೇವೆ. ಅವರು ಓದಿದ್ರು. 1917ರಲ್ಲಿ ಕೆಲಸಕ್ಕೆ ಹಾಜರೂ ಆದ್ರು. ಬರೋಡಾದಲ್ಲಿ ಇರೋಕೆ ಮನೆ ಸಿಗಲಿಲ್ಲ, ಪಾರ್ಸಿ ವಸತಿಗೃಹದಿಂದ ಜನ ಕೋಲು ಹಿಡಿದು ಬಂದು ಹೊರಗೆ ಹಾಕಿದ್ರು. ಊರೇ ಬಿಡಬೇಕಾಯ್ತು. ಕರಾರು ಕಾಗದದ ಪ್ರಕಾರ ಮುರಿದವರು ಅವರೇ. ನಿಜಕ್ಕೂ ಮುರಿದದ್ದು ಯಾರು? ಸಾಲ ತೀರಿಸದ ಪದವೀಧರನನ್ನ ಬೈಯೋ ಮೊದಲು ನಾನು ಈ ಘಟನೆ ನೆನಪು ಮಾಡ್ಕೊಳ್ತೀನಿ. ಓದಿನ ಪಾಲು ಹುಡುಗ ಪೂರೈಸಿದ್ದ. ಉಳಿದ ಪಾಲು ಅವನ ಕೈಯಲ್ಲಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಹೊಣೆಯಲ್ಲಿ ಒಂದಷ್ಟು ಸರ್ಕಾರ ಹೊತ್ತುಕೊಳ್ತು. 1963ರಲ್ಲಿ ಕೇಂದ್ರದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಬಂತು. ಬಡ್ಡಿ ಇಲ್ಲ. ಓದಿ ಶಿಕ್ಷಕರಾದ್ರೆ ಪ್ರತಿ ವರ್ಷದ ಸೇವೆಗೆ ಸಾಲದ ಹತ್ತನೇ ಒಂದು ಭಾಗ ಮನ್ನಾ. ಹತ್ತು ವರ್ಷ ಪಾಠ ಮಾಡಿದ್ರೆ ಸಾಲವೇ ಇಲ್ಲ! ವಾರಾನ್ನದ ಋಣದ ಲೆಕ್ಕವೇ ಸರ್ಕಾರಿ ನಿಯಮ ಆದ ಹಾಗೆ. ಆದ್ರೆ ಕೊಟ್ಟ ಸಾಲ ಸರಿಯಾಗಿ ವಾಪಸ್ ಬರಲಿಲ್ಲ, 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು.

ಅಷ್ಟರಲ್ಲಿ ಕರ್ನಾಟಕ ಕ್ಯಾಪಿಟೇಶನ್ ಫೀಗೆ ದೇಶಕ್ಕೆಲ್ಲ ಹೆಸರಾಗಿತ್ತು. 1984ರಲ್ಲಿ ರಾಜ್ಯ ಸರ್ಕಾರ ಅದನ್ನ ನಿಷೇಧಿಸಿ ಕಾಯ್ದೆ ಮಾಡ್ತು. ಆದ್ರೂ 1989ರ ಆದೇಶದ ಪ್ರಕಾರ ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ರೆ, ಹೊರರಾಜ್ಯದವರಿಗೆ 60,000. ಇದೇ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1992ರ ಮೋಹಿನಿ ಜೈನ್ ತೀರ್ಪಿನಲ್ಲಿ ಕ್ಯಾಪಿಟೇಶನ್ ತಪ್ಪು ಅಂತಾಯ್ತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು: ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನೂ ತೆಗೆದುಹಾಕ್ತು. ಖಾಸಗಿ ಕಾಲೇಜುಗಳಿಗೆ ಫೀ ನಿಗದಿಯಲ್ಲಿ ಹೆಚ್ಚು ಸ್ವಾತಂತ್ರ್ಯ ಸಿಕ್ತು.

ಅದರ ಹಿಂದಿನ ವರ್ಷ, 2001ರಲ್ಲಿ, ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಬಂದಿತ್ತು. ಒಂದು ಕಡೆ ಫೀ ಏರೋಕೆ ದಾರಿ, ಇನ್ನೊಂದು ಕಡೆ ಆ ಫೀ ಕಟ್ಟೋಕೆ ಸಾಲ. ಯಾರೋ ಕೂತು ಸಂಚು ಮಾಡಿದ್ರು ಅಂತ ನಾನು ಹೇಳಲ್ಲ. ಆದ್ರೆ ಎರಡೂ ಸೇರಿ ಹೊಣೆ ಮನೆಗೆ ಬಂತು. 4 ಲಕ್ಷದವರೆಗೆ ಆಸ್ತಿ ಅಡವು ಬೇಡ, ಸರಿ. ಆದ್ರೆ ಅಪ್ಪನೋ ಅವ್ವನೋ ಸಹಸಾಲಗಾರರು. ದೊಡ್ಡ ಮೊತ್ತ ಆದ್ರೆ ಹೊಲದ ಉತಾರ ಹುಡುಕಬೇಕು.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡವೂ ಬೇಡ, ಜಾಮೀನೂ ಬೇಡ. 7.5 ಲಕ್ಷದವರೆಗಿನ ಸಾಲ ಕೆಟ್ಟರೆ ಬಾಕಿಯ ಶೇ 75ಕ್ಕೆ ಸರ್ಕಾರದ ಗ್ಯಾರಂಟಿ. ಕೇಳೋಕೆ ಚಲೋ ಇದೆ. ಆದ್ರೆ ಆ ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ. ನಿಮ್ಮ ಬಾಕಿ ಬಾಕಿಯಾಗೇ ಇರತ್ತೆ. ಒಂದು ಹೊಸ ವಿಷಯ ಮಾತ್ರ ನನಗೆ ಸರಿ ಅನ್ನಿಸ್ತು. ಈ ಸಾಲ ರ‍್ಯಾಂಕಿಂಗಿನಲ್ಲಿ ಮೇಲಿರೋ ಸಂಸ್ಥೆಗಳಿಗೆ ಮಾತ್ರ, ಆರಂಭದ ಪಟ್ಟಿಯಲ್ಲಿ 860. ಅಂದ್ರೆ ಕಾಲೇಜು ಹೇಗಿದೆ ಅಂತ ಬಡಿದು ನೋಡೋಕೆ ಈಗ ಶುರು ಮಾಡಿದ್ದಾರೆ. ಆದ್ರೆ ಮುಗದದ ಹುಡುಗ ಹುಡುಗಿಯರು ಹೆಚ್ಚಾಗಿ ಸೇರೋದು ಆ ಪಟ್ಟಿಯ ಹೊರಗಿನ ಕಾಲೇಜುಗಳಿಗೆ ಅಂತ ನನ್ನ ಅಂದಾಜು. ಅಲ್ಲಿ ಹಳೇ ಲೆಕ್ಕವೇ.

ಬ್ಯಾಂಕಿನ ಫೈಲು ತೆಗೆದು ನೋಡ್ರಿ. ಮಗಳ ಸಹಿ ಇದೆ, ಅಪ್ಪನ ಸಹಿ ಇದೆ, ಮ್ಯಾನೇಜರ್ ಸಹಿ ಇದೆ. ಕಾಲೇಜಿನಿಂದ ಬಂದ ಕಾಗದ ಅಂದ್ರೆ ಪ್ರವೇಶ ಪತ್ರ, ಮತ್ತೆ ಯಾವ ವರ್ಷ ಎಷ್ಟು ಫೀ ಅಂತ ಬರೆದ ಪಟ್ಟಿ. ದುಡ್ಡು ಬ್ಯಾಂಕಿನಿಂದ ನೇರ ಕಾಲೇಜಿನ ಖಾತೆಗೆ ಹೋಗತ್ತೆ. ಅಪ್ಪ ಸಹಿ ಮಾಡಿ, ಮಧ್ಯಾಹ್ನದ ರೈಲು ಹಿಡಿದು ಮುಗದಕ್ಕೆ ವಾಪಸ್ ಹೋಗ್ತಾನೆ.