ಕರೆಂಟ್ ಬಂದಾಗ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ ಸುತ್ತ ಅಡಿಕೆ ತೋಟ ಮಾಡಿದವರಿಗೆ ಪ್ರೋಗ್ರಾಮಿಂಗಿನ ಒಂದು ದೊಡ್ಡ ಪಾಠ ಆಗಲೇ ಗೊತ್ತು. ತ್ರೀ ಫೇಸ್ ಕರೆಂಟು ರಾತ್ರಿ ಯಾವ ಹೊತ್ತಿಗೆ ಬರುತ್ತದೋ ಹೇಳಲಾಗದ ದಿನಗಳಲ್ಲಿ ಗಂಟೆಗೊಮ್ಮೆ ಎದ್ದು ಪಂಪ್‌ಹೌಸಿನ ದೀಪ ನೋಡಿ ಬರಬೇಕಿತ್ತು. ಆಟೋ ಸ್ಟಾರ್ಟರ್ ಬಂದ ಮೇಲೆ ನಿದ್ದೆ ಉಳಿಯಿತು. ಕರೆಂಟ್ ಬಂದಾಗ ಮೋಟಾರು ತಾನೇ ಏಳುತ್ತದೆ. ಹೋಗಿ ಹೋಗಿ ನೋಡುವ ಮೊದಲಿನ ಕ್ರಮಕ್ಕೆ ಕಂಪ್ಯೂಟರಿನವರು ಪೋಲಿಂಗ್ ಅನ್ನುತ್ತಾರೆ. ಎರಡನೆಯದು ಈವೆಂಟ್ ಡ್ರಿವನ್, ಅಂದರೆ ಘಟನೆಗೆ ಓಗೊಡುವ ಪ್ರೋಗ್ರಾಮಿಂಗ್. (ಊರಿನ ಮೋಟಾರುಗಳೆಲ್ಲ ಒಂದೇ ಕ್ಷಣಕ್ಕೆ ಎದ್ದು ಟ್ರಾನ್ಸ್‌ಫಾರ್ಮರ್ ಸುಡುವುದೂ ಉಂಟು. ದೊಡ್ಡ ಸರ್ವರುಗಳಿಗೂ ಇದೇ ಕಾಯಿಲೆ ಇದೆ.)

ಕಂಪ್ಯೂಟರ್ ಭಾಷೆಗಳು ಈ ಎರಡನೆಯ ಕ್ರಮಕ್ಕೆ ಮುಟ್ಟುವ ಮೊದಲು ಬಹಳ ಸುತ್ತಿದವು. 1957ರ ಫೋರ್ಟ್ರಾನ್‌ನಲ್ಲಿ ಬರೆದದ್ದು ಮೇಲಿನಿಂದ ಕೆಳಕ್ಕೆ ಓಡಿ ಮುಗಿಯುತ್ತಿತ್ತು. ನಡುವೆ ಮನುಷ್ಯನಿಗೆ ಕೆಲಸವಿರಲಿಲ್ಲ. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಎಟುಕಲೆಂದು ಬೇಸಿಕ್ ಮಾಡಿದರು. 1967ರಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫೋಯರ್‌ಝೈಗ್, ಸಿಂಥಿಯಾ ಸಾಲೊಮನ್ ಸೇರಿ ಮಕ್ಕಳಿಗಾಗಿಯೇ ಲೋಗೋ ಕಟ್ಟಿದರು. ಆದರೂ ಯಜಮಾನಿಕೆ ಪ್ರೋಗ್ರಾಮಿನದೇ. ಅದು ಕೇಳಿದಾಗ ಮಾತ್ರ ನಾವು ಉತ್ತರಿಸಬೇಕಿತ್ತು.

ಅದನ್ನು ತಿರುಗಿಸಿದ್ದು ಮೌಸು ಮತ್ತು ಕಿಟಕಿಗಳು. 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಅಲನ್ ಕೇ ಮತ್ತು ಸಂಗಡಿಗರು ಸ್ಮಾಲ್‌ಟಾಕ್ ಬೆಳೆಸುತ್ತಿದ್ದಾಗ ಬಳಕೆದಾರ ಎಲ್ಲಿ ಬೇಕಾದರೂ ಒತ್ತಬಲ್ಲವನಾದ. ಪ್ರೋಗ್ರಾಮು ಕಾದು ಕೂರುವ ಸರದಿ ಬಂತು. 1991ರ ವಿಶುವಲ್ ಬೇಸಿಕ್‌ನಲ್ಲಿ ಪರದೆಯ ಮೇಲೊಂದು ಗುಂಡಿ ಎಳೆದು, ಅದರ ಮೇಲೆ ಎರಡು ಸಲ ಒತ್ತಿ, ಅಲ್ಲೇ ಕೋಡ್ ಬರೆದರಾಯಿತು. 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಹೊಸೆದ ಜಾವಾಸ್ಕ್ರಿಪ್ಟ್ ಇದನ್ನೇ ವೆಬ್ ಪುಟಗಳಿಗೆ ಒಯ್ದಿತು. ಎಂಐಟಿಯ ಸ್ಕ್ರ್ಯಾಚ್ 2007ರಲ್ಲಿ ಬಂದಾಗ ಮಕ್ಕಳ ಮೊದಲ ಪಾಠವೇ ಘಟನೆಯಾಯಿತು. ಹಸಿರು ಬಾವುಟ ಒತ್ತಿದಾಗ ಏನಾಗಬೇಕು ಎಂಬ ಟೋಪಿ ಆಕಾರದ ತುಂಡಿನ ಕೆಳಗೆ ಉಳಿದ ತುಂಡುಗಳು ಜೋತುಬೀಳುತ್ತವೆ.

ನಮ್ಮ ತರಗತಿಗಳು ಮಾತ್ರ ಹಿಂದಿನ ದಾರಿಯಲ್ಲೇ ನಡೆದವು. ಪಿಯು ಗಣಕ ವಿಜ್ಞಾನ ಅಂದರೆ ವರ್ಷಗಟ್ಟಲೆ ಸಿ ಪ್ಲಸ್ ಪ್ಲಸ್ ಆಗಿತ್ತು. ಟರ್ಬೊ ಸಿಯ ನೀಲಿ ಪರದೆ, ಮರೆತುಹೋದ ಒಂದು ಸೆಮಿಕೋಲನ್, ಹನ್ನೆರಡು ತಪ್ಪುಗಳ ಪಟ್ಟಿ. ವ್ಯಾಕರಣ ಮೊದಲು, ಮಾತು ಆಮೇಲೆ. ಇದು ತಲೆಕೆಳಗು ಎಂದೇ ನನ್ನ ಅಭಿಪ್ರಾಯ. ಕನ್ನಡದ ಮಗುವಿನ ಬಾಯಲ್ಲಿ ಈ ವ್ಯಾಕರಣದ ಮುಖ್ಯ ಭಾಗ ಮೊದಲೇ ಇದೆ.

ನೀರು ಬಂದರೆ. ನೀರು ಬಂದಾಗ. ನೀರು ಬರುವವರೆಗೆ. ಒಂದೇ ಕ್ರಿಯಾಪದಕ್ಕೆ ಮೂರು ಬಾಲ. ಮೊದಲನೆಯದು ಷರತ್ತಿನ ಇಫ್, ಎರಡನೆಯದು ಈವೆಂಟ್, ಮೂರನೆಯದು ಮತ್ತೆ ಮತ್ತೆ ಓಡುವ ಲೂಪ್. ಹೊಸಬರು ಎಡವುವುದೂ ಮೊದಲೆರಡರ ನಡುವೆಯೇ. 'ಬಂದರೆ' ಆ ಸಾಲು ಓಡಿದ ಕ್ಷಣದಲ್ಲಿ ಒಮ್ಮೆ ನೋಡಿ ಮುಂದೆ ಹೋಗುತ್ತದೆ. 'ಬಂದಾಗ' ಕಿವಿ ತೆರೆದುಕೊಂಡು ಕೂತಿರುತ್ತದೆ. ಗುಂಡಿ ಒತ್ತಿದೆಯೇ ಎಂದು ಪ್ರೋಗ್ರಾಮಿನ ಆರಂಭದಲ್ಲೇ ಇಫ್ ಹಾಕಿ, ಯಾಕೆ ಕೆಲಸ ಮಾಡುತ್ತಿಲ್ಲ ಎಂದು ತಲೆ ಕೆರೆದುಕೊಳ್ಳದ ವಿದ್ಯಾರ್ಥಿ ಅಪರೂಪ. ಆಡುಮಾತಿನಲ್ಲಿ ನಾವು 'ಕರೆಂಟ್ ಬಂದ್ರೆ ಮೋಟ್ರು ಹಾಕು' ಎಂದು ಎರಡನ್ನೂ ಕಲಸುತ್ತೇವೆ, ನಿಜ. ಯಂತ್ರ ಕಲಸುವುದಿಲ್ಲ.

ಬಂದ ಘಟನೆಗಳನ್ನು ಸರದಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಮುಗಿಸುವ ವ್ಯವಸ್ಥೆಗೆ ಈವೆಂಟ್ ಲೂಪ್ ಎಂದು ಹೆಸರು. ಕೆರೆ ಅಚ್ಚುಕಟ್ಟಿನಲ್ಲಿ ಇದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಕೆಲಸ. ಅದೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಸಿದ್ದನ ನಾಲೆಯಾಗಲಿ ಬಸವನ ನಾಲೆಯಾಗಲಿ, ಒಂದೇ ಗದ್ದೆಗೆ ನೀರು ಹೆಚ್ಚು ಹೊತ್ತು ನಿಂತರೆ ಕೊನೆ ಭಾಗದವರು ಬಾಯಿ ಬಿಡುತ್ತಾರೆ. ಒಂದು ಘಟನೆಯ ಕೆಲಸ ಲಂಬಿಸಿದರೆ ಮೊಬೈಲಿನ ಪರದೆ ಹ್ಯಾಂಗ್ ಆಗುವುದೂ ಅದೇ ಕಾರಣಕ್ಕೆ.

ಕನ್ನಡದ ಗಣಕ ಇತಿಹಾಸ ಮುಖ್ಯವಾಗಿ ಅಕ್ಷರ ಮೂಡಿಸುವ ಇತಿಹಾಸ. ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ, ಅದನ್ನು ಆಧರಿಸಿದ ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಶೇಷಾದ್ರಿವಾಸು ಅವರ ಬರಹ. ಇವೂ ಘಟನೆಗೆ ಓಗೊಡುವ ಪ್ರೋಗ್ರಾಮುಗಳೇ. ನುಡಿಯಲ್ಲಿ 'ಕ' ಒತ್ತಿ, ಎಫ್ ಕೀಲಿ ಒತ್ತಿ, 'ತ' ಒತ್ತಿದರೆ 'ಕ್ತ' ಆಗುವುದು ಹಿಂದಿನ ಘಟನೆಯನ್ನು ನೆನಪಿಟ್ಟುಕೊಂಡಿದ್ದರಿಂದ. ದಿನವಿಡೀ ಅದನ್ನು ಬಳಸಿದವರಿಗೆ ಅದು ಹೇಗೆ ನಡೆಯುತ್ತದೆ ಎಂದು ತೋರಿಸಿದವರು ಕಡಿಮೆ.

ಕೋಡನ್ನೇ ಕನ್ನಡಕ್ಕೆ ತರುವ ಯತ್ನದಲ್ಲಿ ಮುಖ್ಯವಾದದ್ದು ಯು.ಬಿ. ಪವನಜ ಅವರ ಕನ್ನಡ ಲೋಗೋ. ಅದಕ್ಕೆ ಮಂಥನ್ ಪ್ರಶಸ್ತಿ ಬಂತು. ಪದ ಬದಲಿಸಿದರೂ ವಾಕ್ಯದ ಕ್ರಮ ಕಾಡುತ್ತದೆ. ಲೋಗೋದ 'ಫಾರ್ವರ್ಡ್ 100' ಎಂಬುದನ್ನು ನಾವು ನೂರು ಹೆಜ್ಜೆ ಮುಂದೆ ಹೋಗು ಎನ್ನುತ್ತೇವೆ. ಜಾವಾಸ್ಕ್ರಿಪ್ಟಿನ ಈವೆಂಟ್ ಸಾಲು ಇಷ್ಟು ತೊಡಕಲ್ಲ: ಮೊದಲು ಗುಂಡಿ, ಆಮೇಲೆ ಕ್ಲಿಕ್, ಕೊನೆಗೆ ಕೆಲಸ. ಗುಂಡಿ ಒತ್ತಿದಾಗ ಇದನ್ನು ಮಾಡು.

ಲಿಪಿಗಳನ್ನೆಲ್ಲ ಒಂದೇ ಸಂಕೇತಪಟ್ಟಿಗೆ ತರುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. 2008ರ ಪೈಥಾನ್ 3 ಎಂಬ ಭಾಷೆಯಲ್ಲಿ ಕೋಡಿನೊಳಗಿನ ವಸ್ತುಗಳಿಗೆ ಕೆರೆ, ತೂಬು ಎಂದು ಕನ್ನಡದಲ್ಲೇ ಹೆಸರಿಡಬಹುದು. ಕನ್ನಡ ಅಂಕಿಯಲ್ಲಿ ಟೈಪಿಸಿದ ೨೫ನ್ನು ಅದರ ಇಂಟ್ ಎಂಬ ಆದೇಶ 25 ಎಂದೇ ಓದುತ್ತದೆ. ಜಾವಾಸ್ಕ್ರಿಪ್ಟಿಗೆ ಅದು ಸಂಖ್ಯೆಯೇ ಅಲ್ಲ. ಆದರೆ ಕೋಡಿನೊಳಗೆ ನೇರವಾಗಿ ೨೫ ಬರೆದರೆ ಪೈಥಾನ್ ಕೂಡ ಒಪ್ಪದು. ಇನ್ನೊಂದು ಕೊಕ್ಕೆ: 'ಪಂಪ್‌ಹೌಸ್' ಎಂಬ ಪದದಲ್ಲಿ ಪ್ ಮತ್ತು ಹೌ ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತೊಂದಿದೆ. ಹೆಸರಿನೊಳಗೆ ಅದಿದ್ದರೆ ಜಾವಾಸ್ಕ್ರಿಪ್ಟ್ ಸುಮ್ಮನಿರುತ್ತದೆ, ಪೈಥಾನ್ ತಪ್ಪು ಎಂದು ನಿಲ್ಲಿಸುತ್ತದೆ. ಕಾಣದ ತಪ್ಪನ್ನು ಮಗು ಎಲ್ಲಿ ಹುಡುಕೀತು? ಪಾಠ ಮಾಡುವ ಮೇಷ್ಟ್ರುಗಳೇ, ಪಂಪ್‌ಹೌಸ್ ಬೇಡ, ಮೋಟಾರು ಎಂದು ಹೆಸರಿಡಿಸಿ. ಅದರಲ್ಲಿ ಆ ಗುರುತಿಲ್ಲ.