ಫಾದರ್ ಜನರ ಕಡೆ ತಿರುಗಿದಾಗ

ನಾಗಲಮಡಿಕೆಯ ಸುಬ್ರಹ್ಮಣ್ಯ ಗುಡಿಯಲ್ಲಿ ಅರ್ಚಕರು ದೇವರ ಕಡೆ ಮುಖ ಮಾಡಿ ಪೂಜೆ ಮಾಡುತ್ತಾರೆ. ನಮಗೆ ಕಾಣುವುದು ಅವರ ಬೆನ್ನು. ಅದು ನಮಗೆ ವಿಚಿತ್ರ ಅನ್ನಿಸುವುದಿಲ್ಲ. ಸುಮಾರು 60 ವರ್ಷಗಳ ಹಿಂದಿನವರೆಗೆ ನಮ್ಮ ಕ್ಯಾಥೋಲಿಕ್ ಚರ್ಚುಗಳಲ್ಲೂ ಹೀಗೇ ಇತ್ತು.

ಬಲಿಪೀಠ ಹಿಂಗೋಡೆಗೆ ಅಂಟಿಕೊಂಡಿರುತ್ತಿತ್ತು. ನಡುವೆ ಪರಮಪ್ರಸಾದದ ಪೆಟ್ಟಿಗೆ, ಅಕ್ಕಪಕ್ಕ ಮೇಣದಬತ್ತಿ, ಮೇಲೆ ಸಂತರ ವಿಗ್ರಹ. ಫಾದರ್ ಅತ್ತ ತಿರುಗಿ ಲ್ಯಾಟಿನ್‌ನಲ್ಲಿ ಪೂಜೆ ಮಾಡುತ್ತಿದ್ದರು. ಮುಂದೆ ಸೊಂಟದೆತ್ತರದ ಕಟಕಟೆ. ಜನ ಅಲ್ಲೇ ಮಂಡಿಯೂರಿ ಪ್ರಸಾದ ಪಡೆಯಬೇಕು.

1962ರಿಂದ 1965ರವರೆಗೆ ರೋಮ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. ಪೂಜೆಯಲ್ಲಿ ಜನರೂ ಪಾಲ್ಗೊಳ್ಳಬೇಕು, ಅವರ ಭಾಷೆಗೂ ಜಾಗ ಬೇಕು ಎಂದು 1963ರ ಡಿಸೆಂಬರ್ 4ರಂದು ತೀರ್ಮಾನವಾಯಿತು. ತಮಾಷೆ ಅಂದರೆ, ಫಾದರ್ ತಿರುಗಿ ನಿಲ್ಲಬೇಕು ಅನ್ನುವ ಮಾತು ಆ ತೀರ್ಮಾನದಲ್ಲಿ ಎಲ್ಲೂ ಇಲ್ಲ. ಅದು ಬಂದದ್ದು 1964ರ ಸೂಚನೆಯಲ್ಲಿ: ಪೀಠ ಗೋಡೆಯಿಂದ ದೂರವಿದ್ದರೆ ಒಳ್ಳೆಯದು, ಸುತ್ತ ಓಡಾಡುವಂತಿರಲಿ, ಜನರ ಕಡೆ ಮುಖ ಮಾಡಿ ಪೂಜೆ ಮಾಡುವಂತಿರಲಿ. 1965ರ ಮಾರ್ಚ್ 7ರಿಂದ ಅದು ಜಾರಿಗೆ ಬಂತು.

'ಒಳ್ಳೆಯದು' ಅಂದದ್ದನ್ನು ಎಷ್ಟೋ ದೇಶಗಳಲ್ಲಿ 'ಒಡೆಯಿರಿ' ಅಂತ ಓದಿಕೊಂಡರು. ಅಮೃತಶಿಲೆಯ ಪೀಠಗಳು ಹೋದವು, ಕಟಕಟೆ ಕಿತ್ತರು. ಜೀರ್ಣೋದ್ಧಾರ ಅಂತ ಹಳೆ ಕಲ್ಲುಕಂಬಕ್ಕೆ ಪೇಂಟ್ ಬಳಿಯುವವರು ನಮ್ಮಲ್ಲೂ ಇದ್ದಾರಲ್ಲ, ಹಾಗೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೆನೆಸಿಕೊಳ್ಳಿ. ಇಟಲಿಯ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಅದರ ಗೋಡೆ, ಚಾವಣಿಗೆಲ್ಲ ಚಿತ್ರ ಬರೆದರು. ಅಂಥ ಕಡೆ ಸುತ್ತಿಗೆ ಎತ್ತಿದರೆ ಮತ್ತೆ ಕಟ್ಟಿಕೊಡುವವರು ಯಾರು?

ಭಾರತಕ್ಕೆ 1969ರಲ್ಲಿ ಇನ್ನೊಂದು ಅನುಮತಿ ಸಿಕ್ಕಿತು: ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು, ಮೇಣದಬತ್ತಿ ಬದಲು ಎಣ್ಣೆದೀಪ ಇಡಬಹುದು, ಆರತಿ ಎತ್ತಬಹುದು. ಇದರ ಹಿಂದಿದ್ದವರು ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆಂದೇ ಕೇಂದ್ರ ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್. 'ಇದೇನು ಗುಡಿಯ ಆಚಾರ' ಎಂದು ಕ್ರೈಸ್ತರಲ್ಲೇ ಹಲವರು ಸಿಟ್ಟಾದರು. ಆದರೆ ನೆಲದಲ್ಲಿ ಕೂತವರಿಗೆ ಎತ್ತರದ ಪೀಠ ಹೇಗೆ ಸರಿಹೋದೀತು? ಪೂಜೆ ಬದಲಾದರೆ ಕಟ್ಟಡವೂ ಬದಲಾಗಲೇಬೇಕು.

ತಿದ್ದುಪಡಿ ತಡವಾಗಿ ಬಂತು. ಹಳೆಯ ಪೀಠವನ್ನು ಸರಿಸಿದರೆ ಅದರ ಕಲೆಗೆ ಹಾನಿಯಾಗುವುದಾದರೆ ಮುಂದೆ ಬೇರೆ ಪೀಠ ಕಟ್ಟಿ, ಅದರಲ್ಲೇ ಪೂಜೆ ಮಾಡಿ ಎಂದು ಈ ಶತಮಾನದ ಆರಂಭದ ನಿಯಮಾವಳಿ ಹೇಳುತ್ತದೆ. ಜೊತೆಗೊಂದು ಷರತ್ತು: ಹಳೆಯದಕ್ಕೆ ವಿಶೇಷ ಅಲಂಕಾರ ಬೇಡ, ಜನರ ಗಮನ ಅತ್ತ ಹೋಗಬಾರದು. ಮುಂದಿನ ಸಲ ಹಳೆಯ ಚರ್ಚಿಗೆ ಹೋದರೆ ಮುಂದಿನ ಮೇಜಿನ ಹಿಂದೆ ಸ್ವಲ್ಪ ಕಣ್ಣು ಹಾಯಿಸಿ.