ಚಿತ್ರದ ಬೆನ್ನಿನ ಬರಹ

ಹಿಂದೆ ಮನೆಮನೆಯ ಆಲ್ಬಮ್ಮಿನಲ್ಲಿ ಯಾರಾದರೊಬ್ಬ ಹಿರಿಯರು ಚಿತ್ರದ ಬೆನ್ನಿಗೆ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆದಿಡುತ್ತಿದ್ದರು. ಆಲ್ಬಮ್ಮಿನ ರಟ್ಟು ಕಿತ್ತುಹೋದರೂ ಆ ಬರಹ ಚಿತ್ರದೊಂದಿಗೇ ಉಳಿಯುತ್ತಿತ್ತು. ಗಣಕದಲ್ಲಿ ಸಾವಿರಾರು ಚಿತ್ರಗಳನ್ನು ಜೋಡಿಸಿ ತಿದ್ದುವ ತಂತ್ರಾಂಶಗಳ ಚರಿತ್ರೆಯೂ ಬಹುಮಟ್ಟಿಗೆ ಈ ಬೆನ್ನಿನ ಬರಹ ಎಲ್ಲಿರಬೇಕೆಂಬ ಪ್ರಶ್ನೆಯ ಚರಿತ್ರೆಯೇ.

ಪ್ರಶ್ನೆ ಮೊದಲು ಎದುರಾದದ್ದು ಪತ್ರಿಕಾಲಯಗಳಿಗೆ. ಸುದ್ದಿಸಂಸ್ಥೆಗಳ ಅಂತಾರಾಷ್ಟ್ರೀಯ ಮಂಡಳಿಯಾದ ಐಪಿಟಿಸಿ 1991ರಲ್ಲಿ ಒಂದು ಮಾನಕವನ್ನು ರೂಪಿಸಿತು. ಅದೇ ದಶಕದಲ್ಲಿ ಅಡೋಬಿಯ ಫೋಟೋಶಾಪ್ ಅದನ್ನು ಚಿತ್ರದ ಕಡತದೊಳಗೇ ಅಡಕಗೊಳಿಸಿತು. ಅಡಿಬರಹ, ಛಾಯಾಗ್ರಾಹಕನ ಹೆಸರು, ಊರು ಎಲ್ಲವೂ ಚಿತ್ರದೊಂದಿಗೇ ಪಯಣಿಸುವಂತಾಯಿತು. ಆದರೆ ಈ ಮಾನಕ ಊರಿನ ಹೆಸರಿಗೆ ಕೊಟ್ಟ ಜಾಗ ಬರೇ 32 ಬೈಟು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಸ್ವರಚಿಹ್ನೆಗಳೂ ಒತ್ತಕ್ಷರ ಮೂಡಿಸುವ ಹಲಂತವೂ ಲೆಕ್ಕಕ್ಕೆ ಸೇರುತ್ತವೆ. ಬೆಂಗಳೂರು ಹೇಗೋ ಹಿಡಿಸುತ್ತದೆ. ಚಿಕ್ಕಮಗಳೂರಿಗೆ 11 ಸಂಕೇತ, ಅಂದರೆ 33 ಬೈಟು: ಒಂದೇ ಬೈಟಿನ ಕೊರತೆಯಿಂದ ಊರಿನ ಕೊನೆಯ ಉಕಾರಕ್ಕೆ ಜಾಗವಿಲ್ಲ! ರೋಮನ್ ಲಿಪಿಯಲ್ಲಾದರೆ ಅದೇ ಹೆಸರು ಅರ್ಧ ಜಾಗದಲ್ಲಿ ಕಾಲುಚಾಚಿ ಮಲಗುತ್ತದೆ. 2001ರಲ್ಲಿ ಅಡೋಬಿ ತಂದ, ಯೂನಿಕೋಡನ್ನೇ ತಳಹದಿಯಾಗಿಸಿಕೊಂಡ ಎಕ್ಸ್‌ಎಂಪಿ ಈ ಇಕ್ಕಟ್ಟನ್ನು ನೀಗಿಸಿತು. ಕನ್ನಡದಲ್ಲಿ ಅಡಿಬರಹ ಬರೆಯುವವರಿಗೆ ಇದು ಯಾವ ಬಣ್ಣ ತಿದ್ದುವ ಸೌಲಭ್ಯಕ್ಕಿಂತಲೂ ದೊಡ್ಡ ಸಂಗತಿ.

ಗೃಹಬಳಕೆಯ ಯುಗ ಆರಂಭವಾದದ್ದು ಅದರ ಬೆನ್ನಿಗೇ. 2002ರಲ್ಲಿ ಆಪಲ್ ಐಫೋಟೋವನ್ನು ಹೊರತಂದಿತು. 2004ರಲ್ಲಿ ಗೂಗಲ್ ಪಿಕಾಸಾವನ್ನು ಕೊಂಡು ಉಚಿತವಾಗಿ ಹಂಚಿತು. ಸಾಧಾರಣ ಗಣಕದಲ್ಲೂ ಪಿಕಾಸಾ ಓಡುವ ವೇಗವನ್ನು ಕಂಡವರಿಗೆ ಅದರ ಮೇಲಿನ ಮೋಹ ಇನ್ನೂ ಆರಿಲ್ಲ. ನಾವು ಮಾಡಿದ ತಿದ್ದುಪಡಿಗಳನ್ನು ಅದು ಪ್ರತಿ ಫೋಲ್ಡರಿನಲ್ಲೂ ಕಣ್ಣಿಗೆ ಬೀಳದ ಒಂದು ಪುಟ್ಟ ಕಡತದಲ್ಲಿ ಬರೆದಿಡುತ್ತಿತ್ತು. 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು.

ವೃತ್ತಿಪರರ ಲೋಕದಲ್ಲಿ ಆದದ್ದು ಇದಕ್ಕಿಂತ ತೀವ್ರ. 2005ರಲ್ಲಿ 499 ಡಾಲರಿಗೆ ಮಾರುಕಟ್ಟೆಗೆ ಬಂದ ಆಪಲ್‌ನ ಅಪರ್ಚರ್, 2007ರಲ್ಲಿ ಬಂದ ಅಡೋಬಿಯ ಲೈಟ್‌ರೂಂ ಎರಡೂ ಮೂಲಚಿತ್ರವನ್ನು ಮುಟ್ಟುತ್ತಿರಲಿಲ್ಲ. ಬೆಳಕು ಹೆಚ್ಚಿಸು, ಅಂಚು ಕತ್ತರಿಸು ಎಂಬ ಆದೇಶಗಳನ್ನಷ್ಟೇ ತಮ್ಮ ಖಾತೆಯಲ್ಲಿ ಬರೆದುಕೊಂಡು, ತೆರೆಯ ಮೇಲೆ ತೋರಿಸುವಾಗ ಅನ್ವಯಿಸುತ್ತಿದ್ದವು. ಹತ್ತು ವರ್ಷ ಕಳೆದು ಮನಸ್ಸು ಬದಲಾದರೂ ಮೂಲಕ್ಕೆ ಮರಳಬಹುದಾದ ಈ ಕ್ರಮ ನಿಜಕ್ಕೂ ಶ್ಲಾಘ್ಯವಾದುದು. ತೊಡಕಿದ್ದುದು ಖಾತೆಯ ಭಾಷೆಯಲ್ಲಿ. ಅದನ್ನು ಪೂರ್ತಿಯಾಗಿ ಓದಬಲ್ಲವನು ಬರೆದ ಗುಮಾಸ್ತನೊಬ್ಬನೇ. 2014ರಲ್ಲಿ ಆಪಲ್ ಅಪರ್ಚರನ್ನು ಕೈಬಿಡುವುದಾಗಿ ಸಾರಿದಾಗ ಅಡೋಬಿ ಒಂದು ವರ್ಗಾವಣೆಯ ಸಾಧನವನ್ನು ಒದಗಿಸಿತು. ಅಪರ್ಚರಿನಿಂದ ಲೈಟ್‌ರೂಮಿಗೆ ಸೂಚಕಪದಗಳೂ ನಕ್ಷತ್ರಗಳೂ ಸಾಗಿಬಂದವು; ವರ್ಷಗಟ್ಟಲೆ ಕುಳಿತು ಮಾಡಿದ ತಿದ್ದುಪಡಿಗಳು ಬರಲಿಲ್ಲ.

2017ರಲ್ಲಿ ಅಡೋಬಿ ಲೈಟ್‌ರೂಮನ್ನು ಒಮ್ಮೆಲೇ ಕೊಳ್ಳುವ ಪದ್ಧತಿಗೆ ಕೊನೆ ಹಾಡಿ ಚಂದಾಪದ್ಧತಿಯೊಂದನ್ನೇ ಉಳಿಸಿಕೊಂಡಿತು. ಚಂದಾ ನಿಂತರೆ ಲೈಟ್‌ರೂಂ ಕ್ಲಾಸಿಕ್‌ನಲ್ಲಿ ಚಿತ್ರಗಳನ್ನು ನೋಡಬಹುದು, ಹೊರತೆಗೆಯಬಹುದು. ತಿದ್ದುವ ಕೋಣೆಗೆ ಮಾತ್ರ ಬೀಗ. ಡಿಜಿಕ್ಯಾಮ್, 2009ರಲ್ಲಿ ಆರಂಭವಾದ ಡಾರ್ಕ್‌ಟೇಬಲ್ ಮೊದಲಾದ ಮುಕ್ತ ತಂತ್ರಾಂಶಗಳು ಹಣ ಕೇಳುವುದಿಲ್ಲ. ಡಾರ್ಕ್‌ಟೇಬಲ್ ಪ್ರತಿ ಚಿತ್ರದ ಪಕ್ಕದಲ್ಲೂ ಒಂದು ಎಕ್ಸ್‌ಎಂಪಿ ಕಡತವನ್ನು ಇಡುತ್ತದೆ. ಅದರಲ್ಲಿನ ಅಡಿಬರಹವನ್ನು ಇತರ ತಂತ್ರಾಂಶಗಳೂ ಓದಬಲ್ಲವು. ಬಣ್ಣದ ತಿದ್ದುಪಡಿ ಅಲ್ಲಿಯೂ ಅದೊಂದಕ್ಕೇ ತಿಳಿಯುವ ಭಾಷೆ. ಮುಕ್ತವೆಂದ ಮಾತ್ರಕ್ಕೆ ಎಲ್ಲವೂ ಸುಲಭಗ್ರಾಹ್ಯವೆಂದು ತಿಳಿಯಲಾಗದು.

ಹೊರನಾಡಿನ ಸಂಘವೊಂದು ತನ್ನ ರಾಜ್ಯೋತ್ಸವ, ನಾಟಕ, ಉಪನ್ಯಾಸಗಳ ಚಿತ್ರಗಳನ್ನು ಒಟ್ಟುಗೂಡಿಸುವುದಾದರೆ ನನ್ನ ಒಲವು ಡಿಜಿಕ್ಯಾಮ್ ಕಡೆಗೆ. ಅದು ಅಡಿಬರಹವನ್ನು ಚಿತ್ರದ ಕಡತದೊಳಗೇ ಬರೆಯಬಲ್ಲುದು. ಪದಾಧಿಕಾರಿಗಳು ಬದಲಾದಾಗ ಚಂದಾ ಕಟ್ಟುವವರಾರೆಂಬ ಚರ್ಚೆಯೂ ಏಳುವುದಿಲ್ಲ. ಈಗಾಗಲೇ ಲೈಟ್‌ರೂಮಿಗೆ ಒಗ್ಗಿದವರು ಅದನ್ನು ಬಿಡಬೇಕಾಗಿಯೂ ಇಲ್ಲ. ಅದಕ್ಕೂ ಬದಲಾವಣೆಗಳನ್ನು ಎಕ್ಸ್‌ಎಂಪಿಗೆ ತಾನಾಗಿಯೇ ಬರೆಯುವ ಆಯ್ಕೆಯುಂಟು. ಸ್ಥಾಪಿಸಿದಾಗ ಅದು ಆರಿರುತ್ತದೆ. ನಾವೇ ಹುಡುಕಿ ಹಚ್ಚಬೇಕು. ಹಚ್ಚಿದ ಮೇಲೂ ಚಿತ್ರಗಳನ್ನು ಯಾವ ಯಾವ ಗುಂಪಿನಲ್ಲಿ ಸೇರಿಸಿದ್ದೆವೆಂಬ ವಿವರ ಲೈಟ್‌ರೂಮಿನ ಖಾತೆಯಲ್ಲೇ ಉಳಿಯುತ್ತದೆ. ಆದಕಾರಣ ಗುಂಪಿನ ಹೆಸರನ್ನು ಸೂಚಕಪದವಾಗಿಯೂ, ಕನ್ನಡದಲ್ಲಿಯೇ, ಚಿತ್ರಕ್ಕೆ ಅಂಟಿಸಿಡುವುದು ಮೇಲು.